ಕಾಲೇಜಿನ ಎನ್-ಲಿಸ್ಟ್ ಲಾಗಿನ್ ಇದ್ದರೂ ಬೇಕಾದ ಲೇಖನ ಸಿಗುತ್ತಿಲ್ಲ, ಹುಡುಕುವುದು ಹೇಗೆ?

ಸಂಶೋಧನಾ ಪತ್ರಿಕೆಗಳನ್ನು ಆನ್‌ಲೈನ್‌ನಲ್ಲಿ ಓದಲು ಗ್ರಂಥಪಾಲಕರು ಎನ್-ಲಿಸ್ಟ್ ಲಾಗಿನ್ ಕೊಟ್ಟಿದ್ದಾರೆ, ಕೆರೆ ನೀರಾವರಿಯ ಬಗ್ಗೆ ಹುಡುಕಿದರೆ ಸಂಬಂಧವಿಲ್ಲದ ಸಾವಿರಾರು ಲೇಖನಗಳು ಬರುತ್ತವೆ, ತೆರೆಯಲು ಹೋದರೆ ಹಣ ಕೇಳುತ್ತದೆ ಎಂದು ಬರೆದಿದ್ದೀರಿ. ಇತಿಹಾಸದ ಎಂ.ಎ. ಪ್ರಬಂಧಕ್ಕೆ ಇದೇ ವಿಷಯವನ್ನು ಆರಿಸಿಕೊಂಡಿದ್ದ ನಾನೂ ಮೊದಲ ಎರಡು ವಾರ ಹೀಗೆಯೇ ಪರದಾಡಿದ್ದೆ.

ಹಣ ಕೇಳುವ ತೊಡಕು ಸಣ್ಣದು. ಎನ್-ಲಿಸ್ಟ್ ಗುಜರಾತಿನ ಗಾಂಧಿನಗರದಲ್ಲಿರುವ, ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲದ ಕೇಂದ್ರವು ಕಾಲೇಜುಗಳಿಗಾಗಿ ನಡೆಸುವ ಯೋಜನೆ. ಗೂಗಲ್‌ನಿಂದ ನೇರವಾಗಿ ಪ್ರಕಾಶಕರ ತಾಣಕ್ಕೆ ಹೋದರೆ ನೀವು ಯಾವ ಕಾಲೇಜಿನವರೆಂದು ಅದಕ್ಕೆ ತಿಳಿಯುವುದಿಲ್ಲ. ಎನ್-ಲಿಸ್ಟ್ ಪುಟದಲ್ಲಿ ಲಾಗಿನ್ ಆಗಿ, ಅಲ್ಲಿಯ ಪಟ್ಟಿಯಿಂದಲೇ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಂತಹ ಪತ್ರಿಕೆಗಳನ್ನು ತೆರೆಯಬೇಕು. ನಿಮ್ಮದು ಸರ್ಕಾರಿ ಕಾಲೇಜಾಗಿದ್ದರೆ, ಸಂಶೋಧನಾ ಪತ್ರಿಕೆಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ, 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ನಿಮಗೂ ಅನ್ವಯಿಸುತ್ತದೆಯೇ ಎಂದು ಗ್ರಂಥಪಾಲಕರನ್ನು ವಿಚಾರಿಸಿ.

ನಿಜವಾದ ಕಷ್ಟವಿರುವುದು ಪದಗಳಲ್ಲಿ. ಈ ತಾಣಗಳು ಬಹುಮಟ್ಟಿಗೆ ನೀವು ಬರೆದ ಅಕ್ಷರಗಳನ್ನು ಹುಡುಕುತ್ತವೆಯೇ ಹೊರತು ನಿಮ್ಮ ಮನಸ್ಸಿನಲ್ಲಿರುವ ಅರ್ಥವನ್ನಲ್ಲ. ಕೆರೆಗೆ ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎನ್ನುತ್ತಾರೆಂದು ನಾನು ಅಷ್ಟನ್ನೇ ಕೊಟ್ಟಾಗ ಎರಡನೆಯ ಮಹಾಯುದ್ಧದ ಟ್ಯಾಂಕುಗಳೆಲ್ಲ ಸಾಲುಗಟ್ಟಿ ಬಂದವು. ‘ಟ್ಯಾಂಕ್ ಇರಿಗೇಶನ್’ ಎಂಬ ಎರಡು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ, ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟ ಮೇಲೆ ಅವು ಒಟ್ಟಿಗೆ ಬರುವ ಲೇಖನಗಳಷ್ಟೇ ಉಳಿದವು.

ಊರಿನ ಹೆಸರುಗಳ ಕಾಟ ಇದಕ್ಕಿಂತ ದೊಡ್ಡದು, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆದ್ದರಿಂದ ‘ಕರ್ನಾಟಕ’ ಎಂದಷ್ಟೇ ಹುಡುಕಿದರೆ ಅದಕ್ಕೂ ಹಿಂದಿನ ಬಹಳಷ್ಟು ಬರಹ ಕೈತಪ್ಪುತ್ತದೆ. ‘ಮೈಸೂರು’ ಎಂದು ಹುಡುಕಿದರೆ ನಗರ, ಹಳೆಯ ಸಂಸ್ಥಾನ, 1973ರವರೆಗಿನ ರಾಜ್ಯ ಮೂರೂ ಒಂದೇ ರಾಶಿಯಲ್ಲಿ ಬೀಳುತ್ತವೆ. 2014ರಲ್ಲಿ ಶಿವಮೊಗ್ಗ, ತುಮಕೂರು, ಬೆಳಗಾವಿ ಮೊದಲಾದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದದ್ದರಿಂದ ಹಳೆಯ ಲೇಖನಗಳಲ್ಲಿ ಅವು ‘ಶಿಮೊಗ’, ‘ಟುಮ್ಕೂರ್’, ‘ಬೆಲ್ಗಾಮ್’ ಆಗಿಯೇ ಇವೆ, ಚಿತ್ರದುರ್ಗವಂತೂ ಬ್ರಿಟಿಷರ ಕಾಲದ ದಾಖಲೆಗಳಲ್ಲಿ ‘ಚಿತಲ್‌ಡ್ರೂಗ್’. ಹಳೆಯ ಹೊಸ ರೂಪಗಳನ್ನೆಲ್ಲ ಒಂದು ಆವರಣದೊಳಗೆ ಬರೆದು, ನಡುವೆ ‘ಅಥವಾ’ ಎಂಬರ್ಥದ ‘ಆರ್’ (OR) ಪದವನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ, ಆವರಣದ ಹೊರಗೆ ‘ಆಂಡ್’ (AND) ಸೇರಿಸಿ ನಿಮ್ಮ ವಿಷಯವನ್ನು ಕೊಡಿ. ಯಾವ ಪದಕ್ಕೆ ಏನು ಸಿಕ್ಕಿತು, ಯಾವುದಕ್ಕೆ ಏನೂ ಸಿಗಲಿಲ್ಲ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನು ಬರೆದಿಡದೆ ಒಂದೇ ಹುಡುಕಾಟವನ್ನು ಮೂರು ಸಲ ಮಾಡಿದ್ದೇನೆ.

ಇದರ ಜೊತೆಗೆ ಶೋಧಗಂಗಾವನ್ನೂ ನೋಡಿ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳಿರುವ ಈ ತಾಣಕ್ಕೆ ಲಾಗಿನ್ ಬೇಕಿಲ್ಲ. ಕನ್ನಡ ಮಹಾಪ್ರಬಂಧಗಳ ಶೀರ್ಷಿಕೆ ಕೆಲವೆಡೆ ಕನ್ನಡ ಲಿಪಿಯಲ್ಲಿ, ಕೆಲವೆಡೆ ಇಂಗ್ಲಿಷ್ ಅಕ್ಷರಗಳಲ್ಲಿ ಇರುವುದರಿಂದ ಎರಡರಲ್ಲೂ ಹುಡುಕಬೇಕು. ಸಾಮಾನ್ಯವಾಗಿ ಒಂದೊಂದು ಅಧ್ಯಾಯಕ್ಕೂ ಪ್ರತ್ಯೇಕ ಪಿಡಿಎಫ್ ಇರುತ್ತದೆ, ಗ್ರಂಥಸೂಚಿಗೂ ಅಷ್ಟೇ. ನಾನು ಮೊದಲು ಇಳಿಸಿಕೊಳ್ಳುವುದು ಆ ಗ್ರಂಥಸೂಚಿಯನ್ನೇ, ಏಕೆಂದರೆ ನಿಮ್ಮ ವಿಷಯದ ಮೇಲೆ ವರ್ಷಗಟ್ಟಲೆ ದುಡಿದವರೊಬ್ಬರು ಹೆಕ್ಕಿಟ್ಟ ಪಟ್ಟಿ ಅದು. ಅಲ್ಲಿ ಸಿಕ್ಕ ಲೇಖನದ ಶೀರ್ಷಿಕೆಯನ್ನು ಎನ್-ಲಿಸ್ಟ್‌ನಲ್ಲಿ ಹುಡುಕಿ. ಅಲ್ಲಿಯೂ ಇಲ್ಲದಿದ್ದರೆ ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಗ್ರಂಥಪಾಲಕರ ಕೈಗೆ ಕೊಡಿ. ‘ಕೆರೆಗಳ ಬಗ್ಗೆ ಏನಾದರೂ ಕೊಡಿ’ ಎಂದು ಕೇಳಿದಾಗ ನನಗೆ ಒಂದು ಬೀರುವನ್ನು ತೋರಿಸಿದ್ದ ಅದೇ ಗ್ರಂಥಪಾಲಕರು, ಇಂತಹ ಚೀಟಿ ಕೊಟ್ಟಾಗ ಬೇರೊಂದು ಗ್ರಂಥಾಲಯದಿಂದ ಆ ಪುಟಗಳನ್ನು ತರಿಸಿಕೊಟ್ಟರು.