ಅಕ್ಕೋರನ್ನು ಕೇಳಿ: ಫಾದರ್‌ಗೆ ವರ್ಗ ಆಗಿದೆ, ಚರ್ಚ್ ನಡೆಸುವವರು ಯಾರು?

ನಮ್ಮ ಕಡೆ ಚರ್ಚಿನ ಗುರುಗಳ, ಅಂದರೆ ಫಾದರ್‌ಗಳ, ವರ್ಗಾವಣೆ ಬೇಸಿಗೆ ರಜೆಯ ಹೊತ್ತಿಗೆ ಜಾಸ್ತಿ. ಅದಕ್ಕೇ ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯ ಕೇಳಿವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕಷ್ಟೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕೋರೆ, ನಮ್ಮದು ಸಿಂಧನೂರು ತಾಲ್ಲೂಕಿನ ಸಣ್ಣ ಧರ್ಮಕೇಂದ್ರ. ಫಾದರ್‌ಗೆ ವರ್ಗ ಆಗಿದೆ, ಹೊಸಬರು ಬಂದಿಲ್ಲ. ಪಕ್ಕದ ಊರಿನ ಫಾದರ್ ಹದಿನೈದು ದಿನಕ್ಕೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಾರೆ. ಉಳಿದ ಭಾನುವಾರ ಚರ್ಚ್ ಮುಚ್ಚಿರಲಿ ಎನ್ನುತ್ತಾರೆ ಕೆಲವರು. ನಾವೇ ಪೂಜೆಯಂತೆ ಏನಾದರೂ ಮಾಡೋಣ ಎನ್ನುತ್ತಾರೆ ಇನ್ನು ಕೆಲವರು. ನಾನು ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುವವನು, ಓದಿದ್ದು ಹತ್ತನೇ ಕ್ಲಾಸು. ಕೀಲಿ ನನ್ನ ಕೈಗೆ ಕೊಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಬಾಗಿಲು ತೆಗೆಯಿರಿ ತಮ್ಮಾ. ಪ್ರತಿ ಭಾನುವಾರ ತೆಗೆಯಿರಿ. ಪೂಜೆ ಇದ್ದಾಗಿನ ಹೊತ್ತಿಗೇ ಗಂಟೆ ಬಾರಿಸಿ. ಒಂದು ಭಾನುವಾರ ಬೀಗ ನೋಡಿ ವಾಪಸ್ ಹೋದವರು ಮುಂದಿನ ಭಾನುವಾರ ನಾಟಿಗೆ ಹೋಗುತ್ತಾರೆ, ಅದರ ಮುಂದಿನ ವಾರ ಸಂತೆಗೆ ಹೋಗುತ್ತಾರೆ. ಆಮೇಲೆ ಅವರನ್ನು ಕರೆತರುವುದು ಬಹಳ ಕಷ್ಟ. ನಮ್ಮ ಸುತ್ತಿನ ಊರುಗಳಲ್ಲೇ ಇದನ್ನು ಕಂಡಿದ್ದೇನೆ.

ಇದು ನಾನು ನನ್ನ ಪಾಡಿಗೆ ಹೇಳುವ ಮಾತಲ್ಲ. ನಮ್ಮ ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನಿನಲ್ಲಿ 1248ನೇ ನಿಯಮ ನೋಡಿ. ಗುರುಗಳಿಲ್ಲದೆ ಪೂಜೆ ಸಾಧ್ಯವಾಗದಿದ್ದರೆ ಜನ ಸೇರಿ ದೇವರ ವಾಕ್ಯದ ಆರಾಧನೆ ನಡೆಸಲಿ, ಅಥವಾ ಮನೆಮಂದಿ ಒಟ್ಟಾಗಿ ಪ್ರಾರ್ಥಿಸಲಿ ಎಂದು ಅದು ಹೇಳುತ್ತದೆ. ಅದನ್ನು ಹೇಗೆ ನಡೆಸಬೇಕು ಎಂದು 1988ರಲ್ಲಿ ರೋಮ್ ಒಂದು ಮಾರ್ಗದರ್ಶಿಯನ್ನೂ ಹೊರಡಿಸಿತು. ಹಾಗಾಗಿ ಪಕ್ಕದ ಊರಿನ ಫಾದರ್‌ಗೆ ಮೊದಲು ಒಂದು ಮಾತು ಹೇಳಿ, ಬಿಷಪ್ಪರ ಒಪ್ಪಿಗೆ ಅವರ ಮೂಲಕ ಪಡೆದು ಶುರು ಮಾಡಿ.

ಮಾಡುವುದು ಹೀಗೆ. ಒಂದು ಹಾಡು. ಪಾಪಕ್ಷಮೆಯ ಪ್ರಾರ್ಥನೆ. ಆ ಭಾನುವಾರದ ವಾಚನಗಳು, ಕೀರ್ತನೆ, ಶುಭಸಂದೇಶ. ಸ್ವಲ್ಪ ಹೊತ್ತು ಮೌನ. ಆಮೇಲೆ ವಿಶ್ವಾಸಪ್ರಮಾಣ, ಊರಿಗಾಗಿ, ಕಾಯಿಲೆಯವರಿಗಾಗಿ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’. ಪ್ರಬೋಧನೆಯ ಜಾಗದಲ್ಲಿ ನೀವು ಸ್ವಂತ ಭಾಷಣ ಮಾಡಬೇಡಿ. ಫಾದರ್ ಒಂದು ಪುಟ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಅದನ್ನೇ ಓದಿ. ಹತ್ತನೇ ಕ್ಲಾಸು ಎಂದು ಹಿಂಜರಿಯಬೇಡಿ. ಶನಿವಾರ ರಾತ್ರಿ ವಾಚನವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳಿ. ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿ. ನಮ್ಮ ಚರ್ಚಿನಲ್ಲಿ ಎಲ್ಲರಿಗಿಂತ ಚೆಂದ ಓದುತ್ತಿದ್ದವರು ಒಬ್ಬ ದರ್ಜಿ. ಅವರು ಹೆಚ್ಚು ಓದಿದವರಲ್ಲ, ಆದರೆ ಪ್ರತಿ ಪದಕ್ಕೂ ಅದರ ಹೊತ್ತು ಕೊಡುತ್ತಿದ್ದರು.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಗುರುಗಳ ಕುರ್ಚಿ ಖಾಲಿ ಇರಲಿ, ನೀವು ಬೇರೆ ಜಾಗದಲ್ಲಿ ಕೂರಿ. ಬಲಿಪೀಠದ ಹಿಂದೆ ನಿಂತು ಪ್ರಾರ್ಥನೆ ನಡೆಸಬೇಡಿ. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಹಂಚಲು ಬಿಷಪ್ಪರು ಯಾರಿಗಾದರೂ ಒಪ್ಪಿಗೆ ಕೊಟ್ಟಿದ್ದರೆ, ಹಂಚುವ ಮುಂಚೆ ಪಾತ್ರೆಯನ್ನು ಅಲ್ಲಿ ಇಡಬಹುದು, ಅಷ್ಟೇ. ‘ಪ್ರಭು ನಿಮ್ಮೊಂದಿಗಿರಲಿ’ ಎಂಬ ವಂದನೆ, ಕೈಯೆತ್ತಿ ಆಶೀರ್ವಾದ ಮಾಡುವುದು, ಬಲಿಪೂಜೆಯ ಪ್ರಾರ್ಥನೆ, ಇವೆಲ್ಲ ಗುರುಗಳಿಗೆ ಸೇರಿದ್ದು. ಕೊನೆಗೆ ಎಲ್ಲರೂ ತಮ್ಮ ಮೇಲೆ ತಾವೇ ಶಿಲುಬೆ ಗುರುತು ಹಾಕಿಕೊಂಡು ಹೊರಡಿ. ಸಮಾನರ ನಡುವೆ ಒಬ್ಬರಾಗಿ ಪ್ರಾರ್ಥನೆ ನಡೆಸಬೇಕು ಎನ್ನುತ್ತದೆ ಆ ಮಾರ್ಗದರ್ಶಿ. ನನಗೆ ಬಹಳ ಹಿಡಿಸಿದ ಮಾತು ಅದು.

ಪೂಜೆಯಂತೆ ಏನಾದರೂ ಮಾಡೋಣ ಎನ್ನುವವರ ಹಸಿವು ನನಗೆ ಅರ್ಥವಾಗುತ್ತದೆ. ನಾನು ಇತಿಹಾಸ ಕಲಿಸಿದವಳು, ಅವರಿಗೆ ಕೊರಿಯಾದ ಕಥೆ ಹೇಳಿ. ಅಲ್ಲಿ ಧರ್ಮಸಭೆ ಶುರುವಾದದ್ದೇ ಗುರುಗಳಿಲ್ಲದೆ. 1784ರಲ್ಲಿ ಒಬ್ಬ ಯುವಕ ಬೀಜಿಂಗ್‌ಗೆ ಹೋಗಿ ದೀಕ್ಷಾಸ್ನಾನ ಪಡೆದು ಬಂದ. ಊರಿಗೆ ಬಂದು ಗೆಳೆಯರಿಗೆ ತಾನೇ ದೀಕ್ಷಾಸ್ನಾನ ಕೊಟ್ಟ. ಸ್ವಲ್ಪ ಕಾಲದಲ್ಲೇ ಅವರು ತಮ್ಮೊಳಗೇ ಕೆಲವರನ್ನು ಗುರುಗಳೆಂದು ಆರಿಸಿಕೊಂಡು ಪೂಜೆಯನ್ನೂ ನಡೆಸತೊಡಗಿದರು. ಇದು ಸರಿಯೇ ಎಂಬ ಅನುಮಾನ ಬಂದಾಗ ಬೀಜಿಂಗ್‌ನ ಬಿಷಪ್ಪರಿಗೆ ಕಾಗದ ಬರೆದು ಕೇಳಿದರು. ನಿಲ್ಲಿಸಿ ಎಂದು ಉತ್ತರ ಬಂತು. ನಿಲ್ಲಿಸಿದರು. ಆದರೆ ಕೂಡಿ ಪ್ರಾರ್ಥಿಸುವುದನ್ನು, ಮಕ್ಕಳಿಗೆ ಕಲಿಸುವುದನ್ನು ಬಿಡಲಿಲ್ಲ. ಮೊದಲ ಗುರುಗಳು ಆ ದೇಶದೊಳಗೆ ಬಂದದ್ದು 1794ರ ಕೊನೆಗೆ. ಅಷ್ಟು ಹೊತ್ತಿಗೆ ಅಲ್ಲಿ ಸಾವಿರಾರು ಜನ ವಿಶ್ವಾಸಿಗಳು ಕಾಯುತ್ತಿದ್ದರು.

ದೂರದ ಕಥೆ ಎನ್ನುವವರಿಗೆ ನಮ್ಮ ಮುದಗಲ್ ಇದೆ. ಆದಿಲ್‌ಶಾಹಿ ಕಾಲದಲ್ಲಿ ಗೋವಾ ಕಡೆಯಿಂದ ಬಂದ ಯೇಸುಸಭೆಯ (ಜೆಸ್ವಿಟ್) ಗುರುಗಳು ಅಲ್ಲಿ ಕೆಲಸ ಮಾಡಿದರು. ಆ ಯೇಸುಸಭೆಯನ್ನೇ 1773ರಲ್ಲಿ ಪೋಪ್ ವಿಸರ್ಜಿಸಿದರು. ಆದರೂ ಮುದಗಲ್ಲಿನ ಕ್ರೈಸ್ತರು ಇವತ್ತಿಗೂ ಇದ್ದಾರೆ.

ಇನ್ನೊಂದು ಮಾತು, ಪರಮಪ್ರಸಾದ ಇಟ್ಟ ಪೆಟ್ಟಿಗೆಯ ಕೀಲಿ. ಅದನ್ನು ಚರ್ಚಿನ ಬಾಗಿಲಿನ ಕೀಲಿಯ ಗೊಂಚಲಲ್ಲಿ ಹಾಕಬೇಡಿ, ಬೇರೆ ಇಡಿ. ಪರಮಪ್ರಸಾದ ಇಟ್ಟ ಕಡೆ ನೋಡಿಕೊಳ್ಳುವವರು ಇರಬೇಕು, ಆದಷ್ಟು ತಿಂಗಳಿಗೆ ಎರಡು ಸಲವಾದರೂ ಪೂಜೆ ಆಗಬೇಕು ಎಂದು ನಿಯಮವಿದೆ. ನಿಮ್ಮಲ್ಲಿ ಅದು ನಡೆಯುತ್ತಿದೆ, ಒಳ್ಳೆಯದಾಯಿತು. ಆದರೆ ಆ ಪೆಟ್ಟಿಗೆಯ ಹತ್ತಿರ ಉರಿಯುವ ದೀಪ ನೋಡಿಕೊಳ್ಳಲು ದಿನಾ ಒಬ್ಬರು ಬರಬೇಕು. ಅದು ನಿಮ್ಮಿಂದಾಗದಿದ್ದರೆ ಫಾದರ್‌ಗೆ ಮುಚ್ಚುಮರೆಯಿಲ್ಲದೆ ಹೇಳಿ.

ಪ್ರಶ್ನೆ: ಅಕ್ಕೋರೆ, ನಾನು ಗಂಗಾವತಿ ಕಡೆಯವಳು. ಫಾದರ್ ಇಲ್ಲದಾಗ ಚರ್ಚಿನ ಕೆಲಸವೆಲ್ಲ ನಾವು ಹೆಣ್ಣುಮಕ್ಕಳೇ ಮಾಡುತ್ತಿದ್ದೇವೆ. ಆದರೆ ವಾಚನ ಓದಲು, ಪ್ರಾರ್ಥನೆ ನಡೆಸಲು ನಿಂತರೆ ಹಿರಿಯರು ಬೇಡ ಎನ್ನುತ್ತಾರೆ. ನೀವು ಹೂ ಜೋಡಿಸಿ ಸಾಕು ಅನ್ನುತ್ತಾರೆ. ನಿಜವಾಗಿ ನಮಗೆ ಅವಕಾಶ ಇಲ್ಲವಾ?

ಉತ್ತರ: ಇದೆ ತಂಗೀ. ಪೂರಾ ಇದೆ. ವಾಚನ ಓದಲು 1983ರ ಕಾನೂನಿನಲ್ಲೇ ಹೆಂಗಸರಿಗೆ ತಡೆ ಇರಲಿಲ್ಲ, ವಿಧಿಯಂತೆ ನೇಮಕವಾಗುವ ವಾಚಕರು ಮಾತ್ರ ಗಂಡಸರೇ ಆಗಬೇಕಿತ್ತು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಆ ನಿಯಮವನ್ನೇ ತಿದ್ದಿದರು. ವಾಚಕರು, ಪೀಠಸೇವಕರು ಹೆಂಗಸರೂ ಆಗಬಹುದು. ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವಾಸದ ಪಾಠ ಕಲಿಸುವ ಉಪದೇಶಿ ಎಂಬುದನ್ನೂ ಧರ್ಮಸಭೆಯ ವಿಧಿಬದ್ಧ ಸೇವೆ ಮಾಡಿದರು. ಅದು ಗಂಡಸರಿಗೂ ಹೆಂಗಸರಿಗೂ. ಹಿರಿಯರ ಎದುರು ವಾದಕ್ಕೆ ನಿಲ್ಲಬೇಡಿ. ಬರುವ ಫಾದರ್ ಹತ್ತಿರ ಈ ಎರಡು ವಿಷಯ ಹೇಳಿಸಿ, ಅವರೇ ಪ್ರಕಟಣೆ ಓದಲಿ.

ಹೂ ಜೋಡಿಸುವುದನ್ನು ಯಾರೂ ಸಣ್ಣದು ಎನ್ನಬೇಡಿ, ಅದನ್ನೂ ಹೇಳುತ್ತೇನೆ. ನಮ್ಮ ಚರ್ಚಿಗೆ ಫಾದರ್ ಇಲ್ಲದ ಆ ಬೇಸಿಗೆಯನ್ನು ನಾನು ಮರೆಯುವುದಿಲ್ಲ. ರಾಯಚೂರಿನ ಮೇ ತಿಂಗಳು ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಬಲಿಪೀಠದ ಮೇಲಿನ ಮೇಣದಬತ್ತಿ ಹಚ್ಚದೆಯೇ ಬಾಗುತ್ತಿತ್ತು. ಗಾಳಿ ಬೀಸಿದರೆ ಬೆಂಚುಗಳ ಮೇಲೆಲ್ಲ ಧೂಳು. ಇಬ್ಬರು ಅಜ್ಜಿಯರು ಶನಿವಾರ ಸಂಜೆ ಬಂದು ಬೆಂಚು ಒರೆಸುತ್ತಿದ್ದರು, ಪೀಠದ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ತರುತ್ತಿದ್ದರು, ಮೇಣದಬತ್ತಿಗಳನ್ನು ಮನೆಯ ತಣ್ಣಗಿನ ಮೂಲೆಯಲ್ಲಿಟ್ಟು ಬೆಳಿಗ್ಗೆ ಹಿಡಿದು ಬರುತ್ತಿದ್ದರು. ಒಬ್ಬ ಆಟೋ ಹುಡುಗ ಫಾದರ್ ಬರುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ, ಬಾಡಿಗೆ ಕೇಳಲಿಲ್ಲ. ಇನ್ನೊಬ್ಬರು ಜೆಸ್ಕಾಂ ಬಿಲ್ಲಿನ ಜವಾಬ್ದಾರಿ ಹೊತ್ತರು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಹಾರ್ಮೋನಿಯಂ ಹಿಡಿದಳು. ಇವರ ಹೆಸರು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಕೆತ್ತಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಕೆಲಸ ಹಂಚಿಕೊಳ್ಳುವುದಕ್ಕೆ ಜಪಾನ್ ಕಡೆ ನೋಡಿ. ಅಲ್ಲಿ 1614ರಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿ ಗುರುಗಳನ್ನು ಓಡಿಸಿದರು. ನಾಗಾಸಾಕಿ ಸುತ್ತಿನ ಹಳ್ಳಿಗಳ ಜನ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿ ವಿಶ್ವಾಸ ಉಳಿಸಿಕೊಂಡರು. ಹೇಗೆ ಅಂತೀರಾ? ಹಬ್ಬದ ದಿನಗಳ ಲೆಕ್ಕ ಇಡುವವರು ಒಬ್ಬರು, ದೀಕ್ಷಾಸ್ನಾನ ಕೊಡುವವರು ಒಬ್ಬರು, ಮನೆಯಿಂದ ಮನೆಗೆ ಸುದ್ದಿ ಮುಟ್ಟಿಸುವವರು ಒಬ್ಬರು. 1865ರಲ್ಲಿ ನಾಗಾಸಾಕಿಯ ಹೊಸ ಚರ್ಚಿಗೆ ಕೆಲವರು ಬಂದು, ಅಲ್ಲಿದ್ದ ಫ್ರೆಂಚ್ ಗುರುಗಳಿಗೆ ತಾವೂ ಅದೇ ವಿಶ್ವಾಸದವರು ಎಂದು ಹೇಳಿಕೊಂಡರು. ಮರಿಯಮ್ಮನವರ ಪ್ರತಿಮೆ ಎಲ್ಲಿ ಎಂದು ಅವರಲ್ಲಿ ಮೊದಲು ಕೇಳಿದ್ದು ಒಬ್ಬ ಹೆಂಗಸು. ನಿಮ್ಮಲ್ಲೂ ಸುದ್ದಿ ಮುಟ್ಟಿಸುವ ಕೆಲಸವನ್ನು ಒಬ್ಬರಿಗೆ ವಹಿಸಿ. ಯಾರ ಮನೆಯಲ್ಲಿ ಜ್ವರ, ಯಾರಿಗೆ ಹೆರಿಗೆ, ಯಾರು ಎರಡು ವಾರದಿಂದ ಬಂದಿಲ್ಲ, ಇದು ಗೊತ್ತಿರುವುದು ಹೆಣ್ಣುಮಕ್ಕಳಿಗೇ ಅಲ್ವಾ?

ಪ್ರಶ್ನೆ: ಮಾನ್ವಿಯಿಂದ ಬರೆಯುತ್ತಿದ್ದೇನೆ. ಮಾವನವರು ಹಾಸಿಗೆ ಹಿಡಿದಿದ್ದಾರೆ. ಮಗಳ ಮದುವೆಯೂ ಗೊತ್ತಾಗಿದೆ. ಫಾದರ್ ಇಲ್ಲದಿದ್ದರೆ ಇವೆಲ್ಲ ನಮ್ಮ ಉಪದೇಶಿಯವರಿಂದ ಆಗುತ್ತದೆಯೇ?

ಉತ್ತರ: ಎರಡೂ ಬೇರೆ ಬೇರೆ. ಕಾಯಿಲೆಯವರಿಗೆ ತೈಲ ಹಚ್ಚುವ ಸಂಸ್ಕಾರ, ಪಾಪನಿವೇದನೆ ಗುರುಗಳಿಂದಲೇ ಆಗಬೇಕು. ಅದಕ್ಕೇ ಕೊನೆಯ ಗಳಿಗೆವರೆಗೂ ಕಾಯಬೇಡಿ, ಮಾವನವರಿಗೆ ಮಾತಾಡಲು ಶಕ್ತಿ ಇರುವಾಗಲೇ ಪಕ್ಕದ ಊರಿನ ಫಾದರ್‌ಗೆ ಫೋನ್ ಮಾಡಿ. ತೀರಿಕೊಂಡಾಗ ಫಾದರ್‌ಗೆ ಬರಲು ಆಗದಿದ್ದರೆ ಮನೆಯ ಪ್ರಾರ್ಥನೆಯನ್ನು, ಅವರ ಒಪ್ಪಿಗೆ ಪಡೆದು ಸಮಾಧಿಯ ಹತ್ತಿರದ ಪ್ರಾರ್ಥನೆಯನ್ನು ಉಪದೇಶಿಯವರು ನಡೆಸಬಹುದು. ಪೂಜೆ ಆಮೇಲೆ ಇಟ್ಟುಕೊಳ್ಳಿ.

ಇದೇ ಜಾಗದಲ್ಲಿ ಎಲ್ಲರಿಗೂ ಒಂದು ಮಾತು. ಹುಟ್ಟಿದ ಮಗು ಸಾಯುವ ಸ್ಥಿತಿಯಲ್ಲಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಮಗುವಿನ ತಲೆಯ ಮೇಲೆ ನೀರು ಹಾಕುತ್ತಾ ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ ಎಂದು ಹೇಳಬೇಕು. ಆಮೇಲೆ ಫಾದರ್‌ಗೆ ತಿಳಿಸಿ ರಿಜಿಸ್ಟರಿನಲ್ಲಿ ಬರೆಸಬೇಕು. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳು ಇದನ್ನು ಬಾಯಿಪಾಠ ಇಟ್ಟುಕೊಳ್ಳಲಿ.

ಮದುವೆ ಮಾತ್ರ ಉಪದೇಶಿಯವರು ನಡೆಸುವ ಹಾಗಿಲ್ಲ. ಇಲ್ಲಿ ಧರ್ಮಸಭೆಯ ನಿಯಮದ ಜೊತೆ ದೇಶದ ಕಾನೂನೂ ಇದೆ. 1872ರ ಕ್ರೈಸ್ತ ವಿವಾಹ ಕಾಯ್ದೆ ಯಾರು ಮದುವೆ ನಡೆಸಬಹುದು ಎಂದು ಹೇಳಿದೆ. ಅಧಿಕಾರವಿಲ್ಲದವರು ನಡೆಸಿದರೆ 10 ವರ್ಷದವರೆಗೂ ಜೈಲು ಶಿಕ್ಷೆ ಆಗಬಹುದು. ಛತ್ರ ಬುಕ್ ಮಾಡುವ ಮೊದಲು ಫಾದರ್ ಬರುವ ದಿನ ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ನಾವು ಬಳ್ಳಾರಿಯವರು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟೆಂಟ್ ಸಭೆಗೆ ಸೇರಿದವರು. ನಿಮ್ಮ ಉತ್ತರ ನಮಗೂ ಹೊಂದುತ್ತದೆಯೇ?

ಉತ್ತರ: ಮುಕ್ಕಾಲು ಪಾಲು ಹೊಂದುತ್ತದೆ. ನಿಮ್ಮಲ್ಲಿ ಸಭೆಯವರೇ ಆರಾಧನೆ ನಡೆಸಿ ಪ್ರಸಂಗ ಮಾಡುವ ರೂಢಿ ನಮಗಿಂತ ಗಟ್ಟಿಯಾಗಿದೆ. ಪ್ರಭುಭೋಜನಕ್ಕೆ ಮಾತ್ರ ಸಭಾಪಾಲಕರೇ ಬರಬೇಕು. ಬಳ್ಳಾರಿಯವರಿಗೆ ದೇವರ ವಾಕ್ಯ ಕನ್ನಡದಲ್ಲಿ ಓದುವ ಹೆಮ್ಮೆ ಬಹಳ ಹಿಂದಿನದು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನಿಮ್ಮ ಊರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಧೈರ್ಯವಾಗಿ ಓದಿ.

ಪ್ರಶ್ನೆ: ಸಿರುಗುಪ್ಪ ತಾಲ್ಲೂಕಿನಿಂದ. ಹೊಸ ಫಾದರ್ ಬರುವ ದಿನ ಗೊತ್ತಾಗಿದೆ. ಇಷ್ಟು ದಿನ ಕಾಣಿಕೆ ಹಣ, ಪುಸ್ತಕ ಎಲ್ಲ ನಾವು ಮೂವರು ನೋಡಿಕೊಂಡೆವು. ಮಿಕ್ಕಿದ ಹಣದಲ್ಲಿ ಅವರು ಬರುವಷ್ಟರಲ್ಲಿ ಮುಂದಿನ ಕಾಂಪೌಂಡ್ ಕಟ್ಟಿಸೋಣ ಎಂದಿದ್ದೇವೆ. ಅವರು ಬಂದ ಮೇಲೆ ನಮ್ಮನ್ನು ಬದಿಗಿಟ್ಟರೆ ಎಂಬ ಅಳುಕೂ ಇದೆ.

ಉತ್ತರ: ಕಾಂಪೌಂಡ್ ಬೇಡ. ಗುರುಗಳಿಲ್ಲದ ಹೊತ್ತಿನಲ್ಲಿ ಧರ್ಮಕೇಂದ್ರದ ಆಸ್ತಿಗೆ ಹಾನಿಯಾಗುವುದನ್ನು, ಬರುವವರ ಕೈ ಕಟ್ಟುವುದನ್ನು ಮಾಡಬಾರದು. ತಾತ್ಕಾಲಿಕವಾಗಿ ನೇಮಕವಾದ ಗುರುಗಳಿಗೂ ಕಾನೂನು ಇದೇ ಮಿತಿ ಹಾಕಿದೆ, ನಮಗೆ ಬಿಟ್ಟೀತೇ? ಸೋರುವ ಹಂಚು ಸರಿಮಾಡಿಸಿ, ಕರೆಂಟ್ ಬಿಲ್ ಕಟ್ಟಿ. ಉಳಿದದ್ದು ಬ್ಯಾಂಕಿನಲ್ಲಿ ಇರಲಿ. ಕಾಣಿಕೆಯನ್ನು ಎಣಿಸುವಾಗ ಇಬ್ಬರಾದರೂ ಇದ್ದು, ಅಲ್ಲೇ ಬರೆದು ಸಹಿ ಹಾಕಿದ್ದೀರಿ ಎಂದುಕೊಳ್ಳುತ್ತೇನೆ.

ಬದಿಗಿಡುತ್ತಾರೆ ಎಂಬ ಅಳುಕು ಇರುವುದು ಸಹಜ. ಇಷ್ಟು ದಿನ ಪ್ರೀತಿಯಿಂದ ಹೊತ್ತ ಕೆಲಸ ಅದು. ಮೊದಲ ವಾರವೇ ಫಾದರ್ ಜೊತೆ ಕೂತು ಕಾಣಿಕೆ ಪುಸ್ತಕ, ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರುಗಳು, ಕೀಲಿಗಳು ಎಲ್ಲ ಒಪ್ಪಿಸಿ. ಒಪ್ಪಿಸಿದ್ದಕ್ಕೆ ಒಂದು ಕಾಗದದಲ್ಲಿ ಇಬ್ಬರ ಸಹಿಯೂ ಇರಲಿ. ಹಾಸಿಗೆ ಹಿಡಿದವರ ಮನೆಗಳಿಗೆ ನೀವೇ ಕರೆದುಕೊಂಡು ಹೋಗಿ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಎಂದು 537ನೇ ನಿಯಮ ಹೇಳುತ್ತದೆ. ನಿಮ್ಮಲ್ಲಿ ಇಲ್ಲದಿದ್ದರೆ ರಚಿಸಿ ಎಂದು ವಿನಯದಿಂದ ಕೇಳಿ, ಮೂವರೂ ಸೇವೆಗೆ ಸಿದ್ಧರಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ಹೊಸಬರಿಗೆ ಊರು ಗೊತ್ತಿರುವುದಿಲ್ಲ, ಹೇಳದಿದ್ದರೆ ತಿಳಿಯುವುದೂ ಇಲ್ಲ. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಆಗಸ್ಟ್ 30ರಿಂದಲೇ ನವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರುವಾಗುತ್ತದೆ. ಯಾವ ದಿನ ಯಾವ ಓಣಿಯವರದು ಎಂಬ ಪಟ್ಟಿಯನ್ನು ಈಗಲೇ ಬರೆದಿಟ್ಟು, ಅವರು ಬಂದ ದಿನವೇ ತೋರಿಸಿ.