ಅಸ್ಮಿತೆಯನ್ನು ಬಿಡಿ, ಗೋಡೆಯ ಬಗ್ಗೆ ಕೇಳಿ

ಪ್ರಿಯರೇ, ನಮಸ್ಕಾರ.

ಲಾಸ್ ಏಂಜಲೀಸ್‌ನಿಂದ ನೀವು ಕಳಿಸಿದ ಸಂವಾದ ಲೇಖನ ಓದಿದೆವು. ಒಬ್ಬ ಭಿತ್ತಿಚಿತ್ರ ಕಲಾವಿದರು, ಒಬ್ಬ ಚಿಕಾನೋ (ಮೆಕ್ಸಿಕನ್ ಮೂಲದ ಅಮೆರಿಕನ್ನರ) ಅಧ್ಯಯನದ ಪ್ರಾಧ್ಯಾಪಕರು, ನಡುವೆ ನೀವು. ವಿಷಯ ಲ್ಯಾಟಿನೋ (ಅಮೆರಿಕದಲ್ಲಿರುವ ಲ್ಯಾಟಿನ್ ಅಮೆರಿಕ ಮೂಲದವರ) ಅಸ್ಮಿತೆ, ಕಲೆ ಮತ್ತು ವಿದ್ವತ್ತು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಹಾಗೆಂದು ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುವ ಬರಹವೂ ಇದಲ್ಲ. ಅದಕ್ಕೇ ಪತ್ರ ಉದ್ದವಾಗುತ್ತಿದೆ.

ನಿಮ್ಮ ಮೊದಲ ಪ್ರಶ್ನೆಯನ್ನೇ ನೋಡಿ: ‘ಜಾಗತೀಕರಣದ ಸಂದರ್ಭದಲ್ಲಿ ಲ್ಯಾಟಿನೋ ಅಸ್ಮಿತೆಯ ಬಿಕ್ಕಟ್ಟಿಗೆ ನಿಮ್ಮ ಕಲೆ ಹೇಗೆ ಮುಖಾಮುಖಿಯಾಗುತ್ತದೆ?’ ಕಲಾವಿದರ ಉತ್ತರ ಮೂರೇ ಪದ: ‘ಕಲೆಯೇ ನಮ್ಮ ಗುರುತು.’ ತಪ್ಪು ಅವರದಲ್ಲ. ಅಸ್ಮಿತೆ ಏನು ಎಂದು ನೇರವಾಗಿ ಕೇಳಿದರೆ ಯಾರಾದರೂ ಸಭೆಗಳಲ್ಲಿ ಹೇಳಿ ಹೇಳಿ ಸವೆದ ಮಾತನ್ನೇ ಒಪ್ಪಿಸುತ್ತಾರೆ. ಗೋಡೆ ಯಾರದು, ಹಣ ಕೊಟ್ಟವರು ಯಾರು, ಕರಡು ಚಿತ್ರವನ್ನು ಗೋಡೆಯಳತೆಗೆ ಹಿಗ್ಗಿಸಿದ್ದು ಹೇಗೆ, ಯಾವ ಭಾಗಕ್ಕೆ ತಕರಾರು ಬಂತು, ಯಾವುದನ್ನು ಅಳಿಸಿ ಮತ್ತೆ ಬರೆದಿರಿ ಎಂದು ಕೇಳಿ. ನಿಮಗೆ ಬೇಕಾದ ಅಸ್ಮಿತೆ ಆ ಉತ್ತರಗಳಲ್ಲೇ ಸಿಗುತ್ತದೆ.

ಸಿಕ್ಕೂ ಇದೆ, ಏಳನೇ ಪುಟದಲ್ಲಿ. ಕಲಾವಿದರು ಹದಿಹರೆಯದಲ್ಲಿ ‘ಗ್ರೇಟ್ ವಾಲ್ ಆಫ್ ಲಾಸ್ ಏಂಜಲೀಸ್’ಗೆ ಬಣ್ಣ ಹಚ್ಚಿದವರಲ್ಲಿ ಒಬ್ಬರು. ಅಜ್ಜಿಯ ಮನೆಯಿದ್ದ ಬೀದಿ ಈಗ ಫ್ರೀವೇ (ನಗರದ ಹೆದ್ದಾರಿ) ಕೆಳಗಿದೆ, ಅದನ್ನೇ ಗೋಡೆಯ ಮೇಲೆ ಬರೆಯುವಾಗ ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ ಎನ್ನುತ್ತಾರೆ. ನೀವು ‘ಅದ್ಭುತ!’ ಎಂದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಾದ್ದೇ ಅಲ್ಲಿ. ಯಾವ ಬೀದಿ? ಮನೆ ಬಿಟ್ಟುಕೊಟ್ಟಾಗ ಅಜ್ಜಿಗೆ ಎಷ್ಟು ಪರಿಹಾರ ಸಿಕ್ಕಿತು? ಗೋಡೆಯ ಮೇಲೆ ಅವರ ಕೈಯಲ್ಲಿ ಮೂಡಿದ್ದು ಯಾವ ಭಾಗ? ಮತ್ತೊಮ್ಮೆ ಫೋನ್ ಮಾಡಿ ಕೇಳಿ.

ಆ ಗೋಡೆಯ ಬಗ್ಗೆ ನೀವು ಬರೆದಿರುವುದು ‘ಸುಪ್ರಸಿದ್ಧ ಭಿತ್ತಿಚಿತ್ರ’ ಎಂದಷ್ಟೇ. ಕನ್ನಡದ ಓದುಗರಿಗೆ ಅದು ಕಾಣಬೇಕು. ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ ಪ್ರವಾಹದ ನೀರು ಹರಿಯಲೆಂದು ಕಟ್ಟಿದ ಕಾಂಕ್ರೀಟ್ ಕಾಲುವೆಯ ಗೋಡೆ ಅದು. ಚಿಕಾನಾ ಕಲಾವಿದೆ ಜೂಡಿತ್ ಬಾಕಾ ಅವರ ನೇತೃತ್ವದಲ್ಲಿ 1976ರಲ್ಲಿ ಬಣ್ಣದ ಕೆಲಸ ಶುರುವಾಯಿತು. ಹಲವು ಬೇಸಿಗೆಗಳಲ್ಲಿ ನಾನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಸೇರಿ 2,754 ಅಡಿ ಉದ್ದಕ್ಕೆ ಕ್ಯಾಲಿಫೋರ್ನಿಯಾದ ಚರಿತ್ರೆ ಬರೆದರು. ಬೇಸಿಗೆಯಲ್ಲೇ ಏಕೆಂದರೆ ಮಳೆಗಾಲದಲ್ಲಿ ಕಾಲುವೆಗೆ ನೀರು ಬರುತ್ತದೆ. ಅಲ್ಲೊಂದು ಭಾಗದಲ್ಲಿ ಫ್ರೀವೇಗಳು ಹಾವಿನಂತೆ ಸುತ್ತಿಕೊಂಡು ಒಂದೇ ಕುಟುಂಬದವರನ್ನು ಬೇರೆ ಬೇರೆ ಮಾಡುತ್ತವೆ. ಮೇಲೆ ಡಾಡ್ಜರ್ ಕ್ರೀಡಾಂಗಣ ಅನ್ಯಗ್ರಹದ ನೌಕೆಯಂತೆ ಇಳಿಯುತ್ತಿದೆ. ಹಿನ್ನೆಲೆಗೆ ಎರಡು ಸಾಲು ಸಾಕು: ಚಾವೇಸ್ ರವೀನ್ ಎಂಬ ಮೆಕ್ಸಿಕನ್ ಅಮೆರಿಕನ್ನರ ವಸತಿಯನ್ನು ಸರ್ಕಾರಿ ಮನೆಗಳ ಯೋಜನೆಗೆಂದು ತೆರವು ಮಾಡಿಸಿದರು, ಯೋಜನೆ ಬಿದ್ದುಹೋಯಿತು, ಕೊನೆಯ ಕುಟುಂಬಗಳನ್ನು 1959ರಲ್ಲಿ ಹೊರಹಾಕಿದರು, 1962ರಲ್ಲಿ ಅಲ್ಲಿ ಈ ಬೇಸ್‌ಬಾಲ್ ಕ್ರೀಡಾಂಗಣ ತೆರೆಯಿತು. ಇಷ್ಟು ಹೇಳಿ ಅಜ್ಜಿಯ ಬೀದಿಗೆ ಬನ್ನಿ. ‘ಅಸ್ಮಿತೆಯ ಬಿಕ್ಕಟ್ಟು’ ಎಂಬ ಮಾತು ಒಮ್ಮೆಯೂ ಬೇಕಾಗುವುದಿಲ್ಲ.

ಪ್ರಾಧ್ಯಾಪಕರ ಭಾಗ ಇನ್ನೂ ಒಣಗಿದೆ. ವಿದ್ವಾಂಸರನ್ನು ಹರಿಯಬಿಟ್ಟರೆ ಪ್ರಬಂಧ ಮಂಡಿಸುತ್ತಾರೆ (ನಮ್ಮಲ್ಲೂ ಅಷ್ಟೇ). ಅವರನ್ನು ಒಂದು ವಸ್ತುವಿನ ಮುಂದೆ ಕೂರಿಸಿ. ಚಿಕಾನೋ ವಿದ್ವಾಂಸ ತೊಮಾಸ್ ಇಬಾರಾ-ಫ್ರೌಸ್ತೋ ಮುಂದಿಟ್ಟ ‘ರಸ್ಕ್ವಾಚಿಸ್ಮೋ’ ಪರಿಕಲ್ಪನೆಯನ್ನು ಅವರು ಹೇಳುತ್ತಾರೆ, ನೀವು ‘ಒಂದು ಸೌಂದರ್ಯ ತತ್ವ’ ಎಂದು ದಾಟಿಸಿದ್ದೀರಿ. ಹಳೆಯ ಟಯರ್ ಕತ್ತರಿಸಿ ಮಾಡಿದ ಹೂಕುಂಡ, ಕಾಫಿ ಡಬ್ಬಿಯಲ್ಲಿ ನೆಟ್ಟ ಗಿಡ, ಇದ್ದುದರಲ್ಲೇ ಹೊಂದಿಸಿಕೊಂಡು ಮೇಲಿನವರ ಅಭಿರುಚಿಗೆ ಸೊಪ್ಪು ಹಾಕದೆ ಢಾಳಾಗಿ ಅಲಂಕರಿಸುವ ಗುಣ ಎಂದು ಬರೆದರೆ ಹಾಸನದ ಓದುಗರಿಗೂ ತಕ್ಷಣ ಹತ್ತುತ್ತದೆ.

ತಪ್ಪುಗಳಿವೆ, ತಿದ್ದಲೇಬೇಕು. ಮೆಕ್ಸಿಕೋದ ಭಿತ್ತಿಚಿತ್ರ ಕಲಾವಿದ ಸಿಕ್ವೇರೋಸ್ 1932ರಲ್ಲಿ ಲಾಸ್ ಏಂಜಲೀಸ್‌ನ ಓಲ್ವೆರಾ ಬೀದಿಯಲ್ಲಿ ಬರೆದ ‘ಅಮೆರಿಕಾ ತ್ರೊಪಿಕಾಲ್’ ಚಿತ್ರವನ್ನು ‘ಒಡೆದುಹಾಕಿದರು’ ಎಂದಿದ್ದೀರಿ. ಒಡೆಯಲಿಲ್ಲ, ಸುಣ್ಣ ಬಳಿದು ಮುಚ್ಚಿದರು. ಶಿಲುಬೆಗೇರಿಸಿದ ಮೂಲನಿವಾಸಿ, ಅವನ ಮೇಲೆ ರೆಕ್ಕೆ ಬಿಚ್ಚಿದ ಹದ್ದು ಪ್ರಾಯೋಜಕರಿಗೆ ಸಹನೆಯಾಗಲಿಲ್ಲ. ಬಿಸಿಲಿಗೆ ಆ ಬಳಿತ ಸವೆದು, ಮೆಕ್ಸಿಕನ್ ಅಮೆರಿಕನ್ನರ ಹಕ್ಕಿನ ಚಿಕಾನೋ ಚಳವಳಿ ಎದ್ದ ಕಾಲಕ್ಕೇ ಚಿತ್ರ ಮತ್ತೆ ಮಸುಕಾಗಿ ಇಣುಕತೊಡಗಿತು. ಸಂರಕ್ಷಿಸಿ ಜನರಿಗೆ ತೆರೆದದ್ದು 2012ರಲ್ಲಿ. ಒಡೆದರು ಎಂದ ಕೂಡಲೇ ಈ ಕಥೆಯೆಲ್ಲ ನಿಮ್ಮ ಕೈತಪ್ಪಿತು.

ಇನ್ನೊಂದು: ‘ವಲಸೆ ಬಂದ ಲ್ಯಾಟಿನೋಗಳು’ ಎಂದು ಎಲ್ಲರನ್ನೂ ಒಂದೇ ದೋಣಿಗೆ ಹತ್ತಿಸಿದ್ದೀರಿ. 1848ರ ಒಪ್ಪಂದದಲ್ಲಿ ಮೆಕ್ಸಿಕೋದ ನೆಲವೇ ಅಮೆರಿಕದ ಪಾಲಾಯಿತು. ಅಲ್ಲಿದ್ದವರು ಗಡಿ ದಾಟಿ ಬಂದವರಲ್ಲ. ಪೋರ್ಟೊ ರಿಕೋದವರು 1917ರಿಂದ ಅಮೆರಿಕದ ನಾಗರಿಕರು. ‘ಹಿಸ್ಪಾನಿಕ್’ (ಸ್ಪ್ಯಾನಿಷ್ ನುಡಿಯ ನಂಟಿನವರು), ‘ಲ್ಯಾಟಿನೋ’ ಎರಡನ್ನೂ ಅದಲುಬದಲಾಗಿ ಬಳಸಬೇಡಿ. ಪೋರ್ಚುಗೀಸ್ ಆಡುವ ಬ್ರೆಜಿಲಿನವರು ಎರಡನೆಯದಕ್ಕೆ ಸೇರಬಹುದು, ಮೊದಲನೆಯದಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ. ಪೀಠಿಕೆಯ ತುಂಬ ‘ಲ್ಯಾಟಿನೆಕ್ಸ್’ (ಲಿಂಗಭೇದವಿಲ್ಲದ ರೂಪ) ಇದೆ. ಅಮೆರಿಕದ ಪ್ಯೂ ಸಮೀಕ್ಷಾ ಸಂಸ್ಥೆಯ 2024ರ ವರದಿಯಂತೆ ಲ್ಯಾಟಿನೋ ವಯಸ್ಕರಲ್ಲಿ ಆ ಹೆಸರಿನಿಂದ ತಮ್ಮನ್ನು ಕರೆದುಕೊಳ್ಳುವವರು ಶೇ. 4ರಷ್ಟು ಮಾತ್ರ. ನಿಮ್ಮ ಇಬ್ಬರೂ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಕೇಳಿ, ಅದನ್ನೇ ಬರೆಯಿರಿ.

ಸಂವಾದದಲ್ಲಿ ಎದುರುಮಾತೂ ಇಲ್ಲ. ಮೂವರೂ ಎಲ್ಲಕ್ಕೂ ತಲೆಯಾಡಿಸುತ್ತೀರಿ. ಭಿತ್ತಿಚಿತ್ರವೇ ಚಿಕಾನೋ ಕಲೆ ಎಂದು ಕಲಾವಿದರು ಹೇಳಿದಾಗ ‘ಆಸ್ಕೋ’ ಎಂಬ ಚಿಕಾನೋ ಕಲಾವಿದರ ಗುಂಪನ್ನು ಮುಂದಿಡಬಹುದಿತ್ತು. 1974ರಲ್ಲಿ ಆ ಗುಂಪಿನ ಗ್ರಾಂಕ್, ಜೊತೆಗಾರ್ತಿ ಪ್ಯಾಟ್ಸಿ ವಾಲ್ಡೆಸ್ ಮತ್ತು ಇನ್ನೊಬ್ಬರನ್ನು ಪೂರ್ವ ಲಾಸ್ ಏಂಜಲೀಸ್‌ನ ಗೋಡೆಯೊಂದಕ್ಕೆ ಟೇಪಿನಿಂದ ಅಂಟಿಸಿ ‘ದಿಢೀರ್ ಭಿತ್ತಿಚಿತ್ರ’ ಎಂದ. ಇದನ್ನು ಕೇಳಿದ್ದರೆ ನಿಮ್ಮ ಕಲಾವಿದರಿಗೆ ಸಿಟ್ಟು ಬರುತ್ತಿತ್ತೋ ನಗು ಬರುತ್ತಿತ್ತೋ, ಎರಡೂ ನಮಗೆ ಬೇಕು.

ತಿದ್ದುವ ಕ್ರಮ: ಧ್ವನಿಮುದ್ರಣವನ್ನು ಮೊದಲಿನಿಂದ ಕೇಳಿ ಪೂರ್ತಿ ಇಳಿಸಿಕೊಳ್ಳಿ. ಒಂದು ಗಂಟೆಯ ಮಾತು ಇಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ, ಸಾರಾಂಶದಿಂದ ಕೆಲಸವಾಗದು. ನಮ್ಮಲ್ಲಿ ಜಾಗ 1,800 ಪದ. ಅದರಲ್ಲಿ ನಿಮ್ಮ ಪ್ರಶ್ನೆಗಳು 300 ದಾಟದಿರಲಿ. ಮಾತಿನ ಕ್ರಮ ಹಿಂದುಮುಂದು ಮಾಡಬಹುದು, ಇಬ್ಬರ ಎರಡು ಉತ್ತರ ಬೆಸೆದು ಒಬ್ಬರ ಬಾಯಿಗೆ ಹಾಕಬಾರದು. ಸ್ಪ್ಯಾನಿಷ್‌ಗೆ ಜಾರಿದ ಕಡೆ ಆ ಪದ ಹಾಗೇ ಇರಲಿ, ಅರ್ಥ ಅದೇ ವಾಕ್ಯದಲ್ಲಿ ಬರಲಿ. ಹೆಸರುಗಳಲ್ಲಿ ‘ಜೋಸ್’ ಅಲ್ಲ ‘ಹೊಸೆ’, ‘ಜಾರ್ಜ್’ ಅಲ್ಲ ‘ಹೋರ್ಹೆ’. ಎರಡು ಮನೆತನದ ಹೆಸರಿದ್ದರೆ ಮೊದಲನೆಯದನ್ನು ನುಂಗಬೇಡಿ.

ಸಿದ್ಧಪಡಿಸಿದ ಪ್ರತಿಯ ಇಂಗ್ಲಿಷ್ ಅನುವಾದವನ್ನು ಇಬ್ಬರಿಗೂ ತೋರಿಸಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ. ಗೋಡೆ ಬೀದಿಯಲ್ಲಿದ್ದರೂ ಅಮೆರಿಕದಲ್ಲಿ ಭಿತ್ತಿಚಿತ್ರದ ಹಕ್ಕು ಸಾಮಾನ್ಯವಾಗಿ ಕಲಾವಿದರದೇ. ಹಾಗಾಗಿ ನೀವು ಮೊಬೈಲ್‌ನಲ್ಲಿ ತೆಗೆದ ಆರು ಫೋಟೋಗಳಿಗೂ ಲಿಖಿತ ಅನುಮತಿ ಬೇಕು. ಸಿಗದಿದ್ದರೆ ಫೋಟೋ ಇಲ್ಲದೆಯೇ ಅಚ್ಚು ಹಾಕುತ್ತೇವೆ.

ಇಂತಿ,
ಸಂಪಾದಕರು