ಮಣ್ಣು ವಿಜ್ಞಾನದಲ್ಲಿ ಎಂಎಸ್ಸಿ: ಗುಂಡಿ ತೋಡಿಸುವ ಥೀಸಿಸ್ ತಗೊಳ್ಳಲೇ, ಜಿಐಎಸ್ ಸಾಕೇ?

ಎಂಎಸ್ಸಿ ಥೀಸಿಸ್ಸಿಗೆ ಗುಂಡಿ ತೋಡಿಸಿ ಮಣ್ಣಿನ ಪದರ ನೋಡಬೇಕೇ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರ) ಸಾಕೇ ಎಂದು ಕೇಳಿದ್ದೀರಿ. "ಉಪಗ್ರಹ ಚಿತ್ರ ಇರುವಾಗ ಗುಂಡಿ ತೋಡಿಸುತ್ತಾ ಕೂರುವುದು ಹಳೇ ಕಾಲದ ಕೆಲಸ" ಎಂದು ನಿಮ್ಮ ಸೀನಿಯರ್‌ಗಳು ಹೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ನನಗೂ ಇದನ್ನೇ ಹೇಳಿದ್ದರು. ನಂಬಿದೆ, ಒಂದು ವರ್ಷ ಕೈಬಿಟ್ಟು ಹೋಯಿತು.

ನನ್ನ ಜಾಗ ಗುಂಡ್ಲುಪೇಟೆ ಕಡೆಯ ಒಂದು ಕಿರು ಜಲಾನಯನ. ದಿಬ್ಬದ ಮೇಲೆ ಕೆಮ್ಮಣ್ಣು, ಹಳ್ಳದ ಬದಿಗೆ ಕಪ್ಪು ಎರೆಮಣ್ಣು. ಚಿತ್ರದಲ್ಲಿ ಎರಡೂ ಬೇರೆ ಬೇರೆಯಾಗಿ ಎದ್ದು ಕಾಣುತ್ತಿದ್ದವು. ಗೆರೆ ಎಳೆದೆ. ಕೆಂಪು ತುಂಡಿನ ನಟ್ಟನಡುವೆ ಕೆಲವು ಗುಂಡಿ, ಕಪ್ಪು ತುಂಡಿನ ನಟ್ಟನಡುವೆ ಕೆಲವು ಗುಂಡಿ ತೋಡಿಸಿದೆ. ಪದರ ಗುರುತಿಸಿ, ಮನ್ಸೆಲ್ ಪುಸ್ತಕ (ಮಣ್ಣಿನ ಬಣ್ಣ ಹೋಲಿಸಿ ನೋಡುವ ಪಟ್ಟಿ) ಹಿಡಿದು ಬಣ್ಣ ಬರೆದುಕೊಂಡು, ಸ್ಯಾಂಪಲ್ ಕಟ್ಟಿಕೊಂಡು ಲ್ಯಾಬಿಗೆ ಬಂದೆ.

ತಪ್ಪಿದ್ದು ಆ ನಟ್ಟನಡುವೆಯಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತುಂಡಿನ ನಡುವೆ ತೋಡಿದರೆ ಆ ಮಣ್ಣಿನ ಒಳ್ಳೆಯ ಮಾದರಿ ಸಿಗುತ್ತದೆ, ನಿಜ. ಅಲ್ಲಿರುವ ಮಣ್ಣು ಎಂಥದ್ದು ಅಂತ ತಿಳಿಯುತ್ತದೆ. ಹೇಗೆ ಹಾಗಾಯಿತು ಅನ್ನುವುದು ಮಾತ್ರ ತಿಳಿಯುವುದಿಲ್ಲ. ಒಂದು ಮಣ್ಣು ಇನ್ನೊಂದಾಗಿ ತಿರುಗುವುದು ಇಳಿಜಾರಿನ ಮಧ್ಯೆ, ನಾನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ ಜಾಗದಲ್ಲಿ. ಅಲ್ಲಿ ಒಂದೂ ಗುಂಡಿ ಇರಲಿಲ್ಲ. ಬಣ್ಣದ ಗಡಿಯನ್ನು ಮಣ್ಣಿನ ಗಡಿ ಅಂದುಕೊಂಡೆ, ಗಡಿ ಎಂದರೆ ಎರಡೂ ಕಲಸಿಹೋದ, ಲೆಕ್ಕಕ್ಕೆ ಬಾರದ ಜಾಗ ಅಂದುಕೊಂಡೆ. ಕಪ್ಪು ಮಣ್ಣು ಬಸಾಲ್ಟಿನಿಂದ ಬರುತ್ತದೆ ಅನ್ನುವ ಶಾಲೆಯ ಪಾಠ ಬೇರೆ ತಲೆಯಲ್ಲಿತ್ತು. ಆ ಬಸಾಲ್ಟ್ ಇರುವುದು ದೂರದ ವಿಜಯಪುರ, ಕಲಬುರಗಿ, ಬೀದರ್ ಕಡೆ. ಇಲ್ಲಿ ಸುತ್ತಲೂ ನೈಸ್ ಎಂಬ ಪಟ್ಟೆಪಟ್ಟೆ ಶಿಲೆ. ಹಾಗಾಗಿ "ನೀರು ಎಲ್ಲಿಂದಲೋ ಹೊತ್ತು ತಂದ ಮಣ್ಣು" ಎಂದು ಬರೆದುಬಿಟ್ಟೆ. ಕರಡು ನೋಡಿದ ಗೈಡ್ ಕೇಳಿದ್ದು ಇಷ್ಟೇ: "ಎಲ್ಲಿಂದ ತಂತು? ಗಡಿಯಲ್ಲಿ ಏನು ನೋಡಿದೆ?" ಅಷ್ಟರಲ್ಲಿ ಮುಂಗಾರು ಹಿಡಿದಿತ್ತು. ಎರೆಹೊಲದೊಳಗೆ ಕಾಲಿಡುವಂತಿರಲಿಲ್ಲ, ಬಿತ್ತನೆ ಆಗಿತ್ತು. ಕೊಯ್ಲು ಮುಗಿಯುವವರೆಗೆ ತೋಡಲು ಯಾವ ರೈತ ಬಿಟ್ಟಾರು?

ಮುಂದಿನ ಬೇಸಿಗೆಯಲ್ಲಿ ದಿಬ್ಬದಿಂದ ಹಳ್ಳದವರೆಗೆ ಒಂದೇ ಸಾಲಿನಲ್ಲಿ ತೋಡಿಸಿದೆ, ಬಣ್ಣ ಬದಲಾಗುವ ಕಡೆ ಒತ್ತೊತ್ತಾಗಿ. ನಕ್ಷೆಯಲ್ಲಿ ಕೆಂಪು ಎಂದೇ ಗುರುತಾಗಿದ್ದ ಒಂದು ಜಾಗದಲ್ಲಿ ಮೇಲೆ ಒಂದು ಗೇಣು ಕೆಮ್ಮಣ್ಣು, ಅದರಡಿ ಪೂರ್ತಿ ಕಪ್ಪು ಜೇಡಿ. ಹೆಂಟೆ ಒಡೆದರೆ ಒಳಮೈ ಉಜ್ಜಿ ಹೊಳಪು ಬಂದಂತಿತ್ತು. ಹಿಗ್ಗಿ ಕುಗ್ಗುವಾಗ ಜೇಡಿಯ ಗಡ್ಡೆಗಳು ಒಂದಕ್ಕೊಂದು ತಿಕ್ಕಿ ಆಗುವ ಹೊಳಪು ಅದು. ಸುಣ್ಣದ ಹರಳುಗಳ ಮೇಲೆ ಆಸಿಡ್ ಹನಿ ಬಿಟ್ಟರೆ ಬುಸ್ಸೆಂದು ನೊರೆ. ಬುಡದಲ್ಲಿ ಕೊಳೆತ ನೈಸ್, ಉಗುರಿನಲ್ಲಿ ಕೆರೆದರೆ ಉದುರುವಷ್ಟು ಮೆತ್ತಗೆ, ಆದರೂ ಕಲ್ಲಿನ ಪಟ್ಟೆಗಳು ಹಾಗೇ ಇದ್ದವು. ಒಂದು ಬಿಳಿ ಬೆಣಚುಕಲ್ಲಿನ ಎಳೆ ಕಡಿಯದೆ ಜೇಡಿಯ ಒಳಕ್ಕೂ ಏರಿ ಬಂದಿತ್ತು. ಹೊತ್ತು ತಂದ ಮಣ್ಣಾಗಿದ್ದರೆ ಆ ಎಳೆ ಅಲ್ಲಿ ಇರುತ್ತಲೇ ಇರಲಿಲ್ಲ.

ಕಲ್ಲು ಒಂದೇ. ದಿಬ್ಬದ ಮೇಲೆ ಮಳೆನೀರು ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದು ಕೆಳಕ್ಕೆ ಒಯ್ಯುತ್ತದೆ, ಕಬ್ಬಿಣ ಉಳಿದು ಮಣ್ಣು ಕೆಂಪಾಗುತ್ತದೆ, ಅಲ್ಲಿ ಆಗುವ ಜೇಡಿ ಕೆಯೊಲಿನೈಟ್. ತಗ್ಗಿನಲ್ಲಿ ನೀರು ಬೇಗ ಬಸಿದುಹೋಗುವುದಿಲ್ಲ. ಹರಿದು ಬಂದದ್ದೆಲ್ಲ ಅಲ್ಲೇ ಸೇರಿ, ಹಿಗ್ಗುವ ಜೇಡಿ ಸ್ಮೆಕ್ಟೈಟ್ ಆಗುತ್ತದೆ, ಹೆಚ್ಚಾದ ಸುಣ್ಣ ಹರಳುಗಟ್ಟುತ್ತದೆ. ಪೂರ್ವ ಆಫ್ರಿಕಾದ ಗುಡ್ಡಗಳಲ್ಲಿ ಇಂಥದ್ದೇ ಸಾಲುಗಳನ್ನು ಕಂಡು ಮಣ್ಣು ವಿಜ್ಞಾನಿ ಜೆಫ್ರಿ ಮಿಲ್ನ್ 1935ರಲ್ಲಿ ಅದಕ್ಕೆ ಕೆಟೀನಾ (ಲ್ಯಾಟಿನ್ನಿನಲ್ಲಿ ಸರಪಳಿ) ಎಂದು ಹೆಸರಿಟ್ಟರು. ಮಣ್ಣು ಹೇಗೆ ಆಗುತ್ತದೆ ಎಂಬುದಕ್ಕೆ 1941ರಲ್ಲಿ ವಿಜ್ಞಾನಿ ಹಾನ್ಸ್ ಜೆನ್ನಿ ಹೇಳಿದ ಐದು ಅಂಶಗಳನ್ನು (ಹವೆ, ಜೀವಿಗಳು, ಭೂಮಿಯ ಏರಿಳಿತ, ಮೂಲಶಿಲೆ, ಕಾಲ) ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಏರಿಳಿತ ಎಂಬುದು ಏನು ಮಾಡುತ್ತದೆ ಅಂತ ಅರ್ಥವಾಗಿದ್ದು ಆ ಗುಂಡಿಯೊಳಗೆ ಇಳಿದ ಮೇಲೆ.

ಆದ್ದರಿಂದ "ಗುಂಡಿಯೋ ಜಿಐಎಸ್ಸೋ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಉಪಗ್ರಹಕ್ಕೆ ಕಾಣುವುದು ಮಣ್ಣಿನ ಮೇಲ್ಮೈ ಮಾತ್ರ. ಆ ಒಂದು ಗೇಣು ಕೆಂಪಿನ ಅಡಿ ಏನಿದೆ ಅಂತ ಅದು ಹೇಳಲಾರದು. ಗುಂಡಿ ನೋಡಿದವರ ಕೈಗೆ ಜಿಐಎಸ್ ಕೊಟ್ಟರೆ ಒಳ್ಳೆಯ ನಕ್ಷೆ ಬರುತ್ತದೆ, ನೋಡದವರ ಕೈಗೆ ಕೊಟ್ಟರೆ ಬಣ್ಣದ ಚಿತ್ರ ಬರುತ್ತದೆ. ಇದು ಬರೀ ಥೀಸಿಸ್ಸಿನ ಮಾತಲ್ಲ. ಸರ್ಕಾರ 2015ರಲ್ಲಿ ಶುರುಮಾಡಿದ ಮಣ್ಣು ಆರೋಗ್ಯ ಚೀಟಿಗೆ (ಮಣ್ಣು ಪರೀಕ್ಷಿಸಿ ಗೊಬ್ಬರದ ಶಿಫಾರಸು ಬರೆದು ರೈತರಿಗೆ ಕೊಡುವ ಚೀಟಿ) ಮಳೆಯಾಶ್ರಿತ ಹೊಲದಲ್ಲಿ 10 ಹೆಕ್ಟೇರಿಗೆ ಒಂದು ಸ್ಯಾಂಪಲ್ ಲೆಕ್ಕ ಇಟ್ಟಿದ್ದರು, ಅಂದರೆ ಬದಿಗೆ ಸುಮಾರು 316 ಮೀಟರಿನ ಚೌಕ. ಗುಂಡ್ಲುಪೇಟೆಯ ಇಳಿಜಾರಿನಲ್ಲಿ ಅಷ್ಟರೊಳಗೆ ಕೆಂಪು, ನಡುವಿನದ್ದು, ಕಪ್ಪು ಮೂರೂ ಬಂದುಬಿಡಬಹುದು. ಮೂರಕ್ಕೂ ಒಂದೇ ಗೊಬ್ಬರದ ಶಿಫಾರಸು ಅಂದರೆ ನನಗೆ ಸಂಕಟವಾಗುತ್ತದೆ.

ಕೆಲಸ ಸಿಗುತ್ತದಾ ಅಂತಲೂ ಕೇಳಿದ್ದೀರಿ. ಕರ್ನಾಟಕದ ಸುಜಲಾದಂಥ ಜಲಾನಯನ ಯೋಜನೆಯಲ್ಲಿ ಸರ್ವೆ ನಂಬರ್ ಮಟ್ಟದ ಮಣ್ಣಿನ ನಕ್ಷೆ ಮಾಡಿದ್ದು ಗುಂಡಿ ತೋಡಿಯೇ. ಆ ಕೆಲಸ ಬಲ್ಲವರು ಕಡಿಮೆ.

ಗೈಡ್ ಆರಿಸುವಾಗ ಒಂದೇ ಒಂದು ಕೇಳಿ: "ಸರ್, ನೀವು ಫೀಲ್ಡಿಗೆ ಬರ್ತೀರಾ?" ಬರುವವರ ಹತ್ತಿರವೇ ಸೇರಿ. ಗುಂಡಿ ತೋಡಿಸುವುದು ಶಿವರಾತ್ರಿ–ಯುಗಾದಿ ನಡುವೆ ಇರಲಿ, ಬೆಳೆ ಇರುವುದಿಲ್ಲ, ಎರೆಯ ಬಿರುಕುಗಳು ಬಾಯಿಬಿಟ್ಟಿರುತ್ತವೆ. ಹೊಲದ ಯಜಮಾನರನ್ನು ಕೇಳಿಯೇ ಗುದ್ದಲಿ ಹಾಕಿ. ಮುಚ್ಚುವಾಗ ಅಡಿಮಣ್ಣು ಅಡಿಗೆ, ಮೇಲ್ಮಣ್ಣು ಮೇಲಕ್ಕೇ ಬರುವಂತೆ ನಿಂತು ನೋಡಿಕೊಳ್ಳಿ. ಇಲ್ಲದಿದ್ದರೆ ಅಲ್ಲಿ ಬೆಳೆ ಸೊರಗುತ್ತದೆ, ಮರುವರ್ಷ ಆ ಊರಿನಲ್ಲಿ ಯಾರೂ ನಿಮ್ಮನ್ನು ಹೊಲಕ್ಕೆ ಬಿಡುವುದಿಲ್ಲ.